ಬಿಸಿಯಾದ ಮೇಲೆ ಬಡಿಯುವ ಅಂಬಾಸಿಡರ್: ಸದ್ದಿನ ಜಾಡು ಹಿಡಿಯುವುದು ಹೇಗೆ?

ಪ್ರಶ್ನೆ: ನಮ್ಮದು 1978ರ ಅಂಬಾಸಿಡರ್ ಮಾರ್ಕ್ 3, ಪೆಟ್ರೋಲ್ ಗಾಡಿ. ತಾತ ಓಡಿಸುತ್ತಿದ್ದದ್ದು. ತುಮಕೂರಿನ ಮನೆಯ ಶೆಡ್ಡಿನಲ್ಲಿ ನಾಲ್ಕು ವರ್ಷ ನಿಂತಿತ್ತು. ಆರು ತಿಂಗಳ ಹಿಂದೆ ಟ್ಯಾಂಕು ತೊಳೆಸಿ, ಕಾರ್ಬುರೇಟರ್ ಬಿಚ್ಚಿಸಿ, ಹೊಸ ಬ್ಯಾಟರಿ ಹಾಕಿಸಿ ಓಡಿಸತೊಡಗಿದೆವು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ಟಿನ ಕೆಳಗೆ ಟಿಕ್ ಟಿಕ್ ಅನ್ನುತ್ತದೆ. ಹತ್ತು ಕಿಲೋಮೀಟರ್ ಓಡಿದ ಮೇಲೆ ಟಕ್ ಟಕ್ ಎಂಬ ದಪ್ಪ ಸದ್ದು. 40–50ರ ವೇಗದಲ್ಲಿ ಆಕ್ಸಿಲರೇಟರ್ ಮೇಲಿನ ಕಾಲು ಸ್ವಲ್ಪ ಸಡಿಲಿಸಿದಾಗ ಜಾಸ್ತಿ. ದೇವರಾಯನದುರ್ಗದ ಏರಿನಲ್ಲಿ ಕಿಣಿಕಿಣಿ ಅನ್ನುತ್ತದೆ. ವಾಪಸ್ಸು ಬಂದು ಕ್ಯಾತ್ಸಂದ್ರದಲ್ಲಿ ನಿಂತಾಗ ಆಯಿಲ್ ದೀಪ ಮಿಣುಕುತ್ತದೆ. ಟ್ಯಾಪೆಟ್ (ವಾಲ್ವಿಗೆ ಬಿಡುವ ಸಂದು) ಎರಡು ಸಲ ಸೆಟ್ ಮಾಡಿಸಿದ್ದಾಯಿತು. ಒಬ್ಬ ಮೆಕ್ಯಾನಿಕ್ ಇನ್ನೂ ಟ್ಯಾಪೆಟ್ಟೇ ಅನ್ನುತ್ತಾರೆ, ಇನ್ನೊಬ್ಬರು ಎಂಜಿನ್ ಇಳಿಸಲೇಬೇಕು ಅನ್ನುತ್ತಾರೆ, ಮೂರನೆಯವರು ದಪ್ಪ ಆಯಿಲ್ ಹಾಕಿದರೆ ಸಾಕು ಅನ್ನುತ್ತಾರೆ. ಯಾರ ಮಾತು ಕೇಳಬೇಕು? ಮುಂದಿನ ತಿಂಗಳು ಮದುವೆಗೆ ಬೆಂಗಳೂರಿಗೆ ಒಯ್ಯಬಹುದೇ?

ಉತ್ತರ: ಸದ್ಯಕ್ಕೆ ಗಾಡಿಯನ್ನು ಹೊರಗೆ ತೆಗೆಯಬೇಡಿ. ಆಯಿಲ್ ದೀಪ ಮಿಣುಕುವುದು ಮತ್ತು ಬಿಸಿಯಾದ ಮೇಲೆ ದಪ್ಪ ಸದ್ದು ಬರುವುದು ಎರಡೂ ಒಟ್ಟಿಗೆ ಇದ್ದರೆ, ಇನ್ನೊಂದು ದೇವರಾಯನದುರ್ಗದ ಓಡಾಟವೇ ಕ್ರ್ಯಾಂಕನ್ನು, ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡವನ್ನು, ಹಾಳು ಮಾಡಬಲ್ಲದು. ಶೆಡ್ಡಿನಲ್ಲಿ ನಿಲ್ಲಿಸಿ ಸ್ಟಾರ್ಟ್ ಮಾಡಿ ಪರೀಕ್ಷೆ ಮಾಡಬಹುದು, ಅಷ್ಟೇ.

ನಿಮ್ಮ ಪತ್ರದಲ್ಲಿರುವುದು ಒಂದು ಸದ್ದಲ್ಲ, ಮೂರು. ತಣ್ಣಗಿರುವಾಗಿನ ಟಿಕ್ ಟಿಕ್ ಬೇರೆ, ಬಿಸಿಯಾದ ಮೇಲಿನ ಟಕ್ ಟಕ್ ಬೇರೆ, ಏರಿನಲ್ಲಿ ಬರುವ ಕಿಣಿಕಿಣಿ ಬೇರೆ. ಮೂವರು ಮೆಕ್ಯಾನಿಕ್‌ಗಳು ಮೂರು ಮಾತು ಹೇಳಿದ್ದಕ್ಕೂ ಇದೇ ಕಾರಣ ಇರಬಹುದು: ಒಬ್ಬರು ತಣ್ಣಗಿದ್ದಾಗ ಕೇಳಿದ್ದಾರೆ, ಇನ್ನೊಬ್ಬರು ಓಡಿಸಿ ಬಂದ ಮೇಲೆ ಕೇಳಿದ್ದಾರೆ. ಹಳೆಯ ಎಂಜಿನ್ನಿನ ಸದ್ದು ಹುಡುಕುವಾಗ ಹಾಳಾಗುವುದು ಇಲ್ಲೇ. ಎಲ್ಲವನ್ನೂ ಒಂದೇ ಸದ್ದು ಅಂದುಕೊಂಡು ಒಂದೇ ದಿನ ಟ್ಯಾಪೆಟ್, ಟೈಮಿಂಗ್, ಆಯಿಲ್ ಎಲ್ಲವನ್ನೂ ಬದಲಾಯಿಸಿದರೆ ಯಾವುದರಿಂದ ಏನು ಕಡಿಮೆಯಾಯಿತು ಎಂದು ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಸಲವೂ ಅದೇ ಬಿಸಿಯಲ್ಲಿ, ಅದೇ ವೇಗದಲ್ಲಿ ಮತ್ತೆ ಕೇಳಿ.

ಶುರು ಮಾಡುವ ಮೊದಲು ಇದೊಂದು ಖಚಿತ ಮಾಡಿಕೊಳ್ಳಿ. ಮಾರ್ಕ್ 3ರಲ್ಲಿ ಬಂದದ್ದು ಬಿಎಂಸಿ ಬಿ-ಸೀರೀಸ್ 1489 ಸಿಸಿ ಎಂಜಿನ್: ವಾಲ್ವ್ ತೆರೆಸುವ ಕ್ಯಾಮ್ ಶಾಫ್ಟ್ ಬ್ಲಾಕಿನೊಳಗೆ, ಅದರ ತಳ್ಳನ್ನು ಮೇಲಕ್ಕೆ ಒಯ್ಯುವ ಪುಶ್ ರಾಡ್, ಮೇಲೆ ವಾಲ್ವನ್ನು ಒತ್ತುವ ರಾಕರ್, ಕ್ರ್ಯಾಂಕಿಗೆ ಮೂರು ಮೇನ್ ಬೇರಿಂಗ್. ನಮ್ಮ ಕಡೆ ಎಷ್ಟೋ ಅಂಬಾಸಿಡರ್‌ಗಳಿಗೆ ಮಧ್ಯೆ ಡೀಸೆಲ್ ಎಂಜಿನ್ ಕೂತಿದೆ, ಕೆಲವಕ್ಕೆ ಆಮೇಲಿನ 1800 ಇಸುಜು ಎಂಜಿನ್ ಕೂತಿದೆ. ಕೆಳಗಿನ ಅಳತೆಗಳೆಲ್ಲ 1489 ಪೆಟ್ರೋಲಿಗೆ ಮಾತ್ರ.

ಮೊದಲು ಕೈಗೆತ್ತಿಕೊಳ್ಳಬೇಕಾದ್ದು ಪಾನಾ ಅಲ್ಲ, ಡಿಪ್‌ಸ್ಟಿಕ್. ಗಾಡಿಯನ್ನು ಸಮತಟ್ಟು ಜಾಗದಲ್ಲಿ ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಕಡ್ಡಿ ತೆಗೆದು ನೋಡಿ. ಮಟ್ಟ ಮೇಲಿನ ಗೆರೆಗಿಂತಲೂ ಮೇಲೆ ಬಂದಿದೆಯೇ? ಕಡ್ಡಿಯ ತುದಿಯ ಆಯಿಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಬೆರಳು ಬಿಡಿಸಿ. ಒಳ್ಳೆಯ 20ಡಬ್ಲ್ಯು-50 ಆಯಿಲ್ ತಣ್ಣಗಿರುವಾಗ ಎರಡು ಬೆರಳಿಗೂ ಅಂಟಿಕೊಂಡು ಎಳೆ ಬಿಡುತ್ತದೆ. ಪೆಟ್ರೋಲ್ ಬೆರೆತದ್ದು ನೀರಿನ ಹಾಗೆ ಜಾರುತ್ತದೆ. ಮೂಗಿನ ಹತ್ತಿರ ಹಿಡಿದರೆ ವಾಸನೆಯೇ ಹೇಳುತ್ತದೆ. ಆಗ ಹತ್ತಿರದಲ್ಲಿ ಬೀಡಿ, ಬೆಂಕಿಕಡ್ಡಿ ಇರಬಾರದು.

ಇದನ್ನು ಮೊದಲು ಹೇಳುವುದಕ್ಕೆ ಕಾರಣವಿದೆ. ಎಂಜಿನ್ ಪಕ್ಕದಲ್ಲಿ ಕ್ಯಾಮ್ ಶಾಫ್ಟಿನಿಂದ ಓಡುವ ಪೆಟ್ರೋಲ್ ಪಂಪ್ ಇದ್ದರೆ ಅದರೊಳಗೆ ರಬ್ಬರು ಸವರಿದ ಬಟ್ಟೆಯ ಡಯಾಫ್ರಮ್ ಇರುತ್ತದೆ. ನಾಲ್ಕು ವರ್ಷ ಒಣಗಿದ ಡಯಾಫ್ರಮ್ಮಿಗೆ ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಬಿದ್ದರೆ ಬಿರುಕು ಬಿಡುವುದು ಸುಲಭ. ಬಿರುಕಿನಿಂದ ಸೋರಿದ ಪೆಟ್ರೋಲ್ ಹೊರಗೆ ತೊಟ್ಟಿಕ್ಕಬಹುದು, ನೇರವಾಗಿ ಸಂಪಿಗೂ (ಎಂಜಿನ್ ತಳದ ಆಯಿಲ್ ತೊಟ್ಟಿಗೂ) ಇಳಿಯಬಹುದು. ಆಯಿಲ್ ತೆಳುವಾಗುತ್ತದೆ, ಬಿಸಿಯಾದಾಗ ಒತ್ತಡ ಬೀಳುತ್ತದೆ, ದೀಪ ಮಿಣುಕುತ್ತದೆ, ಬೇರಿಂಗ್ ಸದ್ದು ಮಾಡುತ್ತದೆ. ಬೇರಿಂಗ್ ಇನ್ನೂ ಚೆನ್ನಾಗಿದ್ದೂ ಹೀಗಾಗಬಹುದು. ಪಂಪಿನ ಮೈಯಲ್ಲಿರುವ ಸಣ್ಣ ರಂಧ್ರದ ಸುತ್ತ ಒದ್ದೆ ಅಥವಾ ಪೆಟ್ರೋಲ್ ಕಲೆ ಇದ್ದರೆ ಅನುಮಾನ ಬಲವಾಗುತ್ತದೆ. ಹಾಗಿದ್ದಲ್ಲಿ ಮೊದಲು ಪಂಪಿಗೆ ಎಥನಾಲ್ ತಡೆಯುವ ಕಿಟ್ ಹಾಕಿಸಿ, ಪೆಟ್ರೋಲ್ ಪೈಪುಗಳನ್ನು ಎಸ್‌ಎಇ ಜೆ30 ಆರ್9 ಎಂದು ಮೈಮೇಲೆ ಅಚ್ಚಾಗಿರುವ ಪೈಪಿಗೆ ಬದಲಾಯಿಸಿ, ಆಮೇಲೆ ಆಯಿಲ್ ಬದಲಾಯಿಸಿ. ಪಂಪ್ ಸರಿ ಮಾಡದೆ ಆಯಿಲ್ ಮಾತ್ರ ಬದಲಾಯಿಸಿದರೆ ಹೊಸದೂ ತೆಳುವಾಗುತ್ತದೆ.

ಆಯಿಲ್ ಇಳಿಸುವಾಗ ಅದನ್ನು ಹಾಗೇ ಚೆಲ್ಲಬೇಡಿ. ಬಿಳಿ ಪಂಚೆಯ ತುಂಡಿನ ಮೂಲಕ ಬಕೆಟ್ಟಿಗೆ ಸೋಸಿ. ಫಿಲ್ಟರಿನ ಎಲಿಮೆಂಟನ್ನು ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ, ಬಿಸಿಲಿನಲ್ಲಿ ಹಿಡಿದು ನೋಡಿ. ಬೂದುಬಣ್ಣದ ನುಣ್ಣನೆ ಪುಡಿಯನ್ನು ಬೆರಳಿನಲ್ಲಿ ತಿಕ್ಕಿದಾಗ ಬೆಳ್ಳಿಯ ಹಾಗೆ ಮಿನುಗಿ, ಆಯಸ್ಕಾಂತಕ್ಕೆ ಅಂಟದಿದ್ದರೆ ಅದು ಬೇರಿಂಗಿನ ಮೇಲ್ಪದರ. ತಾಮ್ರದ ಬಣ್ಣದ ಚೂರು ಕಂಡರೆ ಮೇಲ್ಪದರ ಸವೆದು ಕೆಳಗಿನ ಪದರಕ್ಕೆ ಬಂದಿದೆ ಎಂದರ್ಥ. ಸಂಪು ಬಿಚ್ಚುವುದಕ್ಕೆ ಬೇರೆ ಸಾಕ್ಷಿ ಬೇಡ. ಆಯಸ್ಕಾಂತಕ್ಕೆ ಅಂಟುವ ಚೂರು ಉಕ್ಕಿನದು: ಕ್ಯಾಮ್, ಟ್ಯಾಪೆಟ್, ಟೈಮಿಂಗ್ ಚೈನು ಅಥವಾ ರಿಂಗಿನ ಕಡೆ ನೋಡಬೇಕು. ಮೂರನೆಯ ಮೆಕ್ಯಾನಿಕ್ ಹೇಳಿದ ದಪ್ಪ ಆಯಿಲಿನ ಬಗ್ಗೆಯೂ ಇಲ್ಲೇ ಹೇಳಬೇಕು. ಈ ಎಂಜಿನ್ನಿಗೆ ಮಿನರಲ್ 20ಡಬ್ಲ್ಯು-50 ಸರಿಯಾದದ್ದು, ಫಿಲ್ಟರ್ ಸೇರಿ ಸುಮಾರು 4 ಲೀಟರು, ಕೊನೆಗೆ ಕಡ್ಡಿ ನೋಡುತ್ತ ತುಂಬಬೇಕು. ಅದಕ್ಕಿಂತ ದಪ್ಪದ್ದು, ಡಬ್ಬಿಯಲ್ಲಿ ಬರುವ ಸದ್ದಡಗಿಸುವ ದ್ರಾವಣ, ಇವು ಸದ್ದನ್ನು ಕೆಲವು ವಾರ ಮುಚ್ಚಿಡುತ್ತವೆ. ಸವೆತ ನಿಲ್ಲುವುದಿಲ್ಲ. ಬೆಳಗಿನ ಚಳಿಯಲ್ಲಿ ದಪ್ಪ ಆಯಿಲ್ ರಾಕರ್ ತನಕ ಏರುವುದೂ ತಡವಾಗುತ್ತದೆ.

ಹೊಸ ಆಯಿಲ್ ಹಾಕಿದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲ್ ವೈರ್ ತೆಗೆದು, ದೀಪ ಆರುವ ತನಕ ಸೆಲ್ಫ್ ಹೊಡೆಯಿರಿ; ಒಂದೊಂದು ಸಲಕ್ಕೆ ಹತ್ತು ಸೆಕೆಂಡ್, ನಡುವೆ ಬಿಡುವು. ಖಾಲಿ ಫಿಲ್ಟರ್ ತುಂಬುವ ತನಕ ಬೇರಿಂಗಿಗೆ ಆಯಿಲ್ ಸಿಗುವುದಿಲ್ಲ. ಪ್ಲಗ್ ಇಲ್ಲದೆ ತಿರುಗಿಸಿದರೆ ಆ ಹೊತ್ತಿನಲ್ಲಿ ಬೇರಿಂಗಿನ ಮೇಲೆ ಭಾರ ಬೀಳುವುದಿಲ್ಲ.

ಇನ್ನು ಒತ್ತಡ ಅಳೆಯಬೇಕು. ಡ್ಯಾಶ್‌ಬೋರ್ಡಿನ ದೀಪ ಸಾಕ್ಷಿಯಲ್ಲ, ಸೂಚನೆ ಮಾತ್ರ. ಅದರ ಸ್ವಿಚ್ ಕೆಟ್ಟರೂ ಮಿಣುಕುತ್ತದೆ. ಸ್ವಿಚ್ ಬಿಚ್ಚಿ ಆ ಜಾಗಕ್ಕೆ 0ಯಿಂದ 100 ಪಿಎಸ್‌ಐ ತೋರಿಸುವ ಮೆಕ್ಯಾನಿಕಲ್ ಗೇಜ್ ಕೂರಿಸಿ. ರೇಡಿಯೇಟರ್ ಚೆನ್ನಾಗಿ ಬಿಸಿಯಾಗುವ ತನಕ, ಅಂದರೆ ಇಪ್ಪತ್ತು ನಿಮಿಷವಾದರೂ, ನಿಂತಲ್ಲೇ ಓಡಿಸಿ. ನಡುವೆ ದಪ್ಪ ಸದ್ದು ಜೋರಾದರೆ ಅಲ್ಲೇ ಆಫ್ ಮಾಡಿ. ಬಿಸಿ ಎಂಜಿನ್ನಿನಲ್ಲಿ ಐಡ್ಲಿಂಗ್ ಇದ್ದಾಗ 15 ಪಿಎಸ್‌ಐ, ರಸ್ತೆಯ ವೇಗಕ್ಕೆ ರೇಸ್ ಕೊಟ್ಟಾಗ 50ರ ಸುತ್ತಮುತ್ತ ಇದ್ದರೆ ಆಯಿಲ್ ವ್ಯವಸ್ಥೆ ಗಟ್ಟಿಯಿದೆ, ಸ್ವಿಚ್ ಬದಲಾಯಿಸಿದರೆ ದೀಪದ ಕಥೆ ಮುಗಿಯಿತು. ರೇಸ್ ಕೊಟ್ಟಾಗ 40–45 ಬಂದು, ಐಡ್ಲಿಂಗಿನಲ್ಲಿ 5ಕ್ಕೆ ಇಳಿದರೆ ಬೇರಿಂಗಿನ ಸಂದು ದೊಡ್ಡದಾಗಿದೆ ಅಥವಾ ಆಯಿಲ್ ಪಂಪ್ ಸವೆದಿದೆ: ಕಡಿಮೆ ವೇಗದಲ್ಲಿ ಪಂಪ್ ಕೊಡುವಷ್ಟು ಆಯಿಲ್ ಆ ಸಂದುಗಳಲ್ಲೇ ಸೋರಿಹೋಗುತ್ತಿದೆ. ಎಷ್ಟು ರೇಸ್ ಕೊಟ್ಟರೂ 20ರ ಮೇಲೆ ಏರದಿದ್ದರೆ, ಹೆಚ್ಚಾದ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಕೊಂಡಿರಬಹುದು. ಅದು ಬ್ಲಾಕಿನ ಎಡಬದಿಯ ಹಿಂಭಾಗದಲ್ಲಿ ಗುಮ್ಮಟದಂಥ ನಟ್ಟಿನ ಕೆಳಗಿದೆ. ಬಿಚ್ಚಿ, ತೊಳೆದು, ವಾಲ್ವ್ ಕೂರುವ ಜಾಗದಲ್ಲಿ ಕಸವಿದೆಯೇ ನೋಡಿ. ಸ್ಪ್ರಿಂಗ್ ಗಿಡ್ಡವಾಗಿದ್ದರೆ ಹೊಸದು ಹಾಕಿ. ಸ್ಪ್ರಿಂಗಿನ ಹಿಂದೆ ವಾಷರ್ ತುರುಕಿ ಒತ್ತಡ ಏರಿಸುವ ಕೆಲಸವನ್ನು ಯಾರಿಗೂ ಮಾಡಲು ಬಿಡಬೇಡಿ; ಗೇಜ್ ಮುಳ್ಳು ಏರುತ್ತದೆ, ಬೇರಿಂಗ್ ಹಾಗೇ ಇರುತ್ತದೆ.

ಈಗ ದಪ್ಪ ಸದ್ದು. ನೀವು ಬರೆದ ಒಂದು ಮಾತು ಬಹಳ ಬೆಲೆಯದು: 40–50ರಲ್ಲಿ ಕಾಲು ಸ್ವಲ್ಪ ಸಡಿಲಿಸಿದಾಗ ಜಾಸ್ತಿ. ಎಂಜಿನ್ ಗಾಡಿಯನ್ನು ಎಳೆಯುವಾಗ ಪಿಸ್ಟನ್ ಕನೆಕ್ಟಿಂಗ್ ರಾಡನ್ನು ಒಂದು ಕಡೆಗೆ ಒತ್ತಿ ಹಿಡಿದಿರುತ್ತದೆ. ಕಾಲು ಪೂರ್ತಿ ತೆಗೆದರೆ ಗಾಡಿಯೇ ಎಂಜಿನ್ನನ್ನು ಎಳೆಯುತ್ತದೆ. ಈ ಎರಡರ ನಡುವೆ, ಎಳೆತವೂ ಇಲ್ಲ ತಡೆತವೂ ಇಲ್ಲ ಎನ್ನುವ ಹದದಲ್ಲಿ, ಸವೆದ ಬಿಗ್ ಎಂಡ್ ಬೇರಿಂಗ್ (ರಾಡಿನ ಕೆಳತುದಿ ಕ್ರ್ಯಾಂಕನ್ನು ಹಿಡಿಯುವ ಜಾಗದ್ದು) ತನ್ನ ಸಂದಿನ ಆ ಬದಿಗೂ ಈ ಬದಿಗೂ ಬಡಿಯುತ್ತದೆ. ಆಯಿಲ್ ಬಿಸಿಯಾಗಿ ತೆಳುವಾದಾಗ ಆ ಬಡಿತಕ್ಕೆ ಮೆತ್ತೆ ಇರುವುದಿಲ್ಲ. ಆದ್ದರಿಂದ ಎರಡನೆಯ ಮೆಕ್ಯಾನಿಕ್ ಅವರ ಅನುಮಾನ ದಾರಿ ತಪ್ಪಿದ್ದಲ್ಲ. ಆದರೆ ಎಂಜಿನ್ ಇಳಿಸುವ ಮೊದಲು ಯಾವ ಸಿಲಿಂಡರ್ ಎಂದು ತಿಳಿಯಬೇಕು, ಮತ್ತು ಬಿಗ್ ಎಂಡಿನ ವೇಷ ಹಾಕುವ ಬೇರೆ ಸದ್ದುಗಳನ್ನು ಬದಿಗೆ ಸರಿಸಬೇಕು.

ಸಿಲಿಂಡರ್ ಪತ್ತೆಗೆ ಹಳೆಯ ಉಪಾಯವೇ ಒಳ್ಳೆಯದು. ಎಂಜಿನ್ ಬಿಸಿಯಾಗಿ, ಸದ್ದು ಸ್ಪಷ್ಟವಾಗಿ ಕೇಳುವ ವೇಗಕ್ಕೆ, ಸುಮಾರು 1000–1200 ಆರ್‌ಪಿಎಂಗೆ ಇಡಿ. ರಬ್ಬರ್ ಹಿಡಿಯ ಉದ್ದ ಸ್ಕ್ರೂಡ್ರೈವರ್ ತೆಗೆದುಕೊಂಡು ಅದರ ಲೋಹವನ್ನು ಮೊದಲು ಹೆಡ್ಡಿಗೆ ತಾಗಿಸಿ, ಆಮೇಲೆ ಒಂದು ಪ್ಲಗ್ಗಿನ ತುದಿಗೆ ವಾಲಿಸಿ. ಆ ಸಿಲಿಂಡರ್ ಸುಡುವುದು ನಿಲ್ಲುತ್ತದೆ. ರೇಡಿಯೇಟರ್ ಪಕ್ಕದ್ದು ಒಂದನೆಯದು. ಒಂದರಿಂದ ನಾಲ್ಕರವರೆಗೆ ಒಂದೊಂದನ್ನೇ ಮಾಡಿ. ಯಾವುದನ್ನು ಕೊಂದಾಗ ಟಕ್ ಟಕ್ ಥಟ್ಟನೆ ಕುಗ್ಗುತ್ತದೋ ಅಲ್ಲೇ ಬಿಗ್ ಎಂಡ್. ಪ್ಲಗ್ ವೈರನ್ನು ಕಿತ್ತು ಗಾಳಿಯಲ್ಲಿ ಹಿಡಿಯಬೇಡಿ. ದಾರಿ ಸಿಗದ ಕಿಡಿ ಕಾಯಿಲಿನ ಒಳಗೇ ಹಾರಿ ಅದನ್ನು ಸುಡುತ್ತದೆ. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಸ್ವಿಚ್) ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ್ದರೆ ಸ್ಕ್ರೂಡ್ರೈವರ್ ಉಪಾಯವೇ ಬೇಡ: ಎಂಜಿನ್ ಆಫ್ ಮಾಡಿ, ಆ ವೈರಿಗೆ ಹಳೆಯ ಪ್ಲಗ್ ಸಿಕ್ಕಿಸಿ, ಅದರ ಮೈಯನ್ನು ಬ್ಲಾಕಿಗೆ ತಂತಿಯಿಂದ ಕಟ್ಟಿ, ಆಮೇಲೆ ಸ್ಟಾರ್ಟ್ ಮಾಡಿ.

ಒಂದನ್ನು ಕೊಂದಾಗ ಕುಗ್ಗದೆ, ಅಕ್ಕಪಕ್ಕದ ಎರಡನ್ನು ಒಟ್ಟಿಗೆ ಕೊಂದಾಗ ಕುಗ್ಗಿದರೆ, ಸದ್ದು ಇನ್ನೂ ಕೆಳಗಿನಿಂದ ಗುಡ್ ಗುಡ್ ಎಂದು ಬರುತ್ತಿದ್ದರೆ, ಅದು ಮೇನ್ ಬೇರಿಂಗ್. ಕೊಂದಾಗ ಸದ್ದು ಒಂದಕ್ಕೆರಡಾಗಿ ಟಕಟಕ್ ಎಂದು ಜೋಡಿಯಾಗಿ ಕೇಳಿದರೆ ಪಿಸ್ಟನ್ನನ್ನು ರಾಡಿಗೆ ಸೇರಿಸುವ ಗಜನ್ ಪಿನ್. ಪಿಸ್ಟನ್ ಬೋರಿಗೆ ಬಡಿಯುವುದಾದರೆ ಅದು ತಣ್ಣಗಿರುವಾಗ ಜೋರಾಗಿದ್ದು ಬಿಸಿಯಾದಂತೆ ತಗ್ಗಬೇಕು. ನಿಮ್ಮದು ತದ್ವಿರುದ್ಧ. ಆದರೂ ಅನುಮಾನ ಉಳಿದರೆ ಆ ಸಿಲಿಂಡರಿನ ಪ್ಲಗ್ ತೂತಿನಿಂದ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು, ಪ್ಲಗ್ ಹಾಕುವ ಮೊದಲು ಕೆಲವು ಸುತ್ತು ತಿರುಗಿಸಿ, ಸ್ಟಾರ್ಟ್ ಮಾಡಿ ಕೇಳಿ. ಒಂದೆರಡು ನಿಮಿಷ ಸದ್ದು ತಗ್ಗಿ ಮತ್ತೆ ಬಂದರೆ ಪಿಸ್ಟನ್.

ವೇಷಧಾರಿಗಳು ಮೂರು. ಫ್ಲೈವೀಲ್ ಬೋಲ್ಟ್ ಸಡಿಲವಾದರೆ ಥೇಟ್ ಬಿಗ್ ಎಂಡಿನ ಹಾಗೇ ಬಡಿಯುತ್ತದೆ. ಐಡ್ಲಿಂಗಿನಲ್ಲಿ ಕೀ ಆಫ್ ಮಾಡಿ, ಎಂಜಿನ್ ಪೂರ್ತಿ ನಿಲ್ಲುವ ಮೊದಲೇ ಮತ್ತೆ ಆನ್ ಮಾಡಿದಾಗ ಹಿಂದಿನಿಂದ ಒಂದೇ ಒಂದು ಧಡ್ ಬಂದರೆ ಅಲ್ಲಿ ನೋಡಿ. ಕ್ಲಚ್ ಒತ್ತಿದಾಗ ಸದ್ದು ಬದಲಾದರೆ ವಿಷಯ ಗೇರ್‌ಬಾಕ್ಸ್ ಕಡೆಯದು ಅಥವಾ ಕ್ಲಚ್ಚಿನ ಕಾರ್ಬನ್ ಬೇರಿಂಗಿನದು. ಮುಂದಿನ ಪುಲ್ಲಿಯ ನಟ್ ಸಡಿಲವಾಗಿದ್ದರೂ ಹೀಗೇ; ಎಂಜಿನ್ ಆಫ್ ಇರುವಾಗ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ತಿಳಿಯುತ್ತದೆ. ಜೊತೆಗೆ ಫ್ಯಾನ್ ಬೆಲ್ಟ್ ಬಿಚ್ಚಿ ಒಂದು ನಿಮಿಷ, ಅದಕ್ಕಿಂತ ಹೆಚ್ಚಲ್ಲ, ಓಡಿಸಿ. ಸದ್ದು ಹೋದರೆ ನೀರಿನ ಪಂಪ್ ಅಥವಾ ಡೈನಮೋ ಬೇರಿಂಗ್. ಪಂಪಿನ ಕೆಳಗಿನ ರಂಧ್ರದಿಂದ ತುಕ್ಕಿನ ಗೆರೆ ಇಳಿದಿದ್ದರೆ ಅದನ್ನು ಹೇಗೂ ಬದಲಾಯಿಸಬೇಕು. ಬೆಲ್ಟ್ ವಾಪಸ್ಸು ಹಾಕುವಾಗ ಉದ್ದನೆಯ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚು ಬಾಗುವಷ್ಟು ಬಿಗಿ ಸಾಕು.

ಸದ್ದು ಹುಡುಕಲು ಎರಡಡಿ ಉದ್ದದ ಉಕ್ಕಿನ ಸರಳು ಇದ್ದರೆ ಅದರ ಒಂದು ತುದಿ ಎಂಜಿನ್ ಮೇಲೆ, ಇನ್ನೊಂದು ತುದಿ ಕಿವಿಯ ಮುಂದಿನ ಎಲುಬಿನ ಮೇಲೆ ಇಡಿ. ಸರಳನ್ನು ರಾಕರ್ ಕವರ್, ಪಕ್ಕದ ಟ್ಯಾಪೆಟ್ ಕವರ್‌ಗಳು, ಮುಂದಿನ ಟೈಮಿಂಗ್ ಕವರ್, ಪೆಟ್ರೋಲ್ ಪಂಪ್, ಕೊನೆಗೆ ಸಂಪಿನ ಅಂಚು, ಹೀಗೆ ಸರಿಸುತ್ತ ಹೋಗಿ. ಶಾಲು, ಸಡಿಲ ತೋಳು, ಕೊರಳಿನ ಸರ ಬೇಡವೇ ಬೇಡ. ಈ ಗಾಡಿಯ ಫ್ಯಾನ್ ಎಂಜಿನ್ ಓಡುವಷ್ಟು ಹೊತ್ತೂ ತಿರುಗುತ್ತಿರುತ್ತದೆ.

ಟೈಮಿಂಗ್ ಲೈಟ್ ಇರುವವರಿಗೆ ಇನ್ನೊಂದು ಸೂಕ್ಷ್ಮ ಉಪಾಯವಿದೆ. ಲೈಟನ್ನು ಒಂದನೆಯ ಪ್ಲಗ್ ವೈರಿಗೆ ಹಾಕಿದರೆ ಕ್ರ್ಯಾಂಕ್ ಎರಡು ಸುತ್ತು ಸುತ್ತಿದಾಗ ಒಂದು ಸಲ ಮಿಂಚುತ್ತದೆ. ಕ್ಯಾಮ್ ಶಾಫ್ಟ್ ತಿರುಗುವುದೂ ಅದೇ ಲೆಕ್ಕದಲ್ಲಿ. 600 ಆರ್‌ಪಿಎಂ ಐಡ್ಲಿಂಗಿನಲ್ಲಿ ಸೆಕೆಂಡಿಗೆ ಐದು ಮಿಂಚು. ಮಿಂಚಿಗೊಂದು ಸದ್ದು ಬಂದರೆ ಟ್ಯಾಪೆಟ್, ರಾಕರ್, ಪೆಟ್ರೋಲ್ ಪಂಪ್ ಕಡೆ. ಮಿಂಚಿಗೆ ಎರಡು ಬಂದರೆ ಕ್ರ್ಯಾಂಕಿನ ಕಡೆ. ಆದರೆ ಬಿಗ್ ಎಂಡ್ ಕೆಲವೊಮ್ಮೆ ಪವರ್ ಸ್ಟ್ರೋಕಿನಲ್ಲಿ ಮಾತ್ರ ಬಡಿದು ಮಿಂಚಿಗೊಂದರ ಲಯವನ್ನೇ ತೋರಿಸುತ್ತದೆ. ಲಯ ಒಂದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ, ಪ್ಲಗ್ ಕೊಲ್ಲುವ ಪರೀಕ್ಷೆಯ ಜೊತೆ ತಾಳೆ ನೋಡಿ.

ಎಲ್ಲ ಬೆರಳೂ ಬಿಗ್ ಎಂಡ್ ಕಡೆಗೇ ತೋರಿಸಿದರೆ ಸಂಪು ಬಿಚ್ಚಬೇಕು. ಅದಕ್ಕೆ ಎಂಜಿನ್ ಪೂರ್ತಿ ಹೊರಗೆ ತೆಗೆಯುವ ಅಗತ್ಯವಿಲ್ಲ, ಮೌಂಟಿಂಗ್ ಸಡಿಲಿಸಿ ಸ್ವಲ್ಪ ಎತ್ತಬೇಕಾಗಬಹುದು. ನಾಲ್ಕೂ ಕ್ಯಾಪ್‌ಗಳು ಯಾವ ರಾಡಿಗೆ, ಯಾವ ದಿಕ್ಕಿಗೆ ಎಂದು ಗುರುತು ಮಾಡದೆ ಒಂದೂ ಬೋಲ್ಟ್ ತಿರುಗಿಸಬೇಡಿ. ಶೆಲ್ಲಿನ (ಬೇರಿಂಗಿನ ಅರ್ಧವೃತ್ತದ ತುಂಡಿನ) ಹಿಂಬದಿಯಲ್ಲಿ ಸ್ಟ್ಯಾಂಡರ್ಡ್, 10, 20 ಎಂದು ಅಚ್ಚು ಇರುತ್ತದೆ, ಬರೆದಿಟ್ಟುಕೊಳ್ಳಿ. ಹಿಂದೆ ಯಾರಾದರೂ ಗ್ರೈಂಡ್ ಮಾಡಿಸಿದ್ದರೆ ಅಲ್ಲೇ ಗೊತ್ತಾಗುತ್ತದೆ. ಸ್ಟ್ಯಾಂಡರ್ಡ್ ಜರ್ನಲ್ (ಬೇರಿಂಗ್ ಕೂರುವ ಕ್ರ್ಯಾಂಕಿನ ದುಂಡು ಭಾಗ) ಸುಮಾರು 1.876 ಇಂಚು, ಅಂದರೆ 47.65 ಮಿ.ಮೀ. ಮೈಕ್ರೋಮೀಟರಿನಿಂದ ಒಂದಕ್ಕೊಂದು ಅಡ್ಡವಾಗಿ ಎರಡು ಕಡೆ ಅಳೆಯಿಸಿ. ವ್ಯತ್ಯಾಸ 1 ಥೌ (ಇಂಚಿನ ಸಾವಿರದ ಒಂದು ಭಾಗ) ದಾಟಿದರೆ, ಅಥವಾ ಉಗುರು ಎಳೆದಾಗ ಸಿಕ್ಕುವ ಗೀರು ಇದ್ದರೆ, ಕ್ರ್ಯಾಂಕ್ ಇಳಿಸಿ ಗ್ರೈಂಡ್ ಮಾಡಿಸಬೇಕು. ಎಂಜಿನ್ ಹೊರಗೆ ಬರಬೇಕಾದ್ದು ಆಗ. ಜರ್ನಲ್ ದುಂಡಗೆ, ನುಣುಪಾಗಿ ಇದ್ದರೆ ಅದೇ ಅಳತೆಯ ಹೊಸ ಶೆಲ್ ಸಾಕು. ಪ್ಲಾಸ್ಟಿಗೇಜ್ ಎಳೆ (ಚಪ್ಪಟೆಯಾದ ಅಗಲದಿಂದ ಸಂದು ತೋರಿಸುವ ಪ್ಲಾಸ್ಟಿಕ್ ದಾರ) ಇಟ್ಟು ಬಿಗಿದು ಬಿಚ್ಚಿದಾಗ ಸಂದು 1ರಿಂದ 2.5 ಥೌ ಒಳಗೆ ಬರಬೇಕು. ಬೋಲ್ಟಿಗೆ 35 ಪೌಂಡ್-ಅಡಿ ಬಿಗಿ, ಹೊಸ ಲಾಕ್ ಪಟ್ಟಿ. ಕ್ಯಾಪ್ ಅರದಿಂದ ಉಜ್ಜಿ ಸಂದು ಕಡಿಮೆ ಮಾಡುವುದು, ಶೆಲ್ಲಿನ ಹಿಂದೆ ಸಿಗರೇಟ್ ಕಾಗದ ಇಡುವುದು, ಇವನ್ನು ಮಾಡಿಸಿಕೊಳ್ಳಲೇಬೇಡಿ. ಉಜ್ಜಿದ ಕ್ಯಾಪ್ ಇನ್ನೆಂದೂ ದುಂಡಗೆ ಕೂರುವುದಿಲ್ಲ, ಆ ರಾಡೇ ಕೆಲಸಕ್ಕೆ ಬಾರದ ಹಾಗಾಗುತ್ತದೆ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿದೆ, ಒಳ್ಳೆಯ ರಾಡನ್ನು ಕಳೆದುಕೊಳ್ಳುವಂತಿಲ್ಲ.

ಬೆಳಗಿನ ಟಿಕ್ ಟಿಕ್‌ಗೆ ಬರೋಣ. ಟ್ಯಾಪೆಟ್ ಎರಡು ಸಲ ಸೆಟ್ ಮಾಡಿಸಿಯೂ ಹೋಗಿಲ್ಲ ಅಂದರೆ ಎರಡರಲ್ಲಿ ಒಂದು: ಅದು ಟ್ಯಾಪೆಟ್ ಅಲ್ಲ, ಅಥವಾ ಅಳತೆ ಸುಳ್ಳು ಹೇಳುತ್ತಿದೆ. ತಣ್ಣಗಿರುವಾಗ ಇದ್ದು ಬಿಸಿಯಾದಂತೆ ಕಡಿಮೆಯಾಗುವುದಾದರೆ ಮೊದಲು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪ್ಯಾಕಿಂಗ್ ನೋಡಿ. ಸೀಳಿದ ಪ್ಯಾಕಿಂಗಿನಿಂದ ಹೊಗೆ ಹಾರುವ ಸದ್ದು ಟ್ಯಾಪೆಟ್ಟಿನ ಹಾಗೇ ಇರುತ್ತದೆ. ಕಬ್ಬಿಣ ಬಿಸಿಯಾಗಿ ಹಿಗ್ಗಿದಾಗ ಸೀಳು ಮುಚ್ಚಿಕೊಳ್ಳುತ್ತದೆ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ, ಒಬ್ಬರು ದಪ್ಪ ಒದ್ದೆ ಬಟ್ಟೆಯಿಂದ ಸೈಲೆನ್ಸರ್ ಬಾಯನ್ನು ಎರಡು ಮೂರು ಸೆಕೆಂಡ್ ಅದುಮಲಿ. ಟಿಕ್ ಟಿಕ್ ಜೋರಾಗಿ ಪುಸ್ ಪುಸ್ ಎಂದರೆ ಸೋರಿಕೆ ಖಚಿತ. ಮ್ಯಾನಿಫೋಲ್ಡ್ ಅಂಚಿನಲ್ಲಿ ಕಪ್ಪು ಮಸಿಯ ಗೆರೆಯೂ ಕಾಣುತ್ತದೆ.

ಸೋರಿಕೆ ಇಲ್ಲದಿದ್ದರೆ ರಾಕರ್ ಕವರ್ ತೆಗೆಯಿರಿ. ಎಂಟೂ ವಾಲ್ವಿಗೆ ಬಿಡಬೇಕಾದ ಸಂದು 15 ಥೌ, 0.38 ಮಿ.ಮೀ. ಮುಂದಿನಿಂದ ಎಣಿಸಿದರೆ 1, 4, 5, 8 ಎಕ್ಸಾಸ್ಟ್, 2, 3, 6, 7 ಇನ್‌ಲೆಟ್. ಒಂಬತ್ತರ ಲೆಕ್ಕ ನೆನಪಿಟ್ಟುಕೊಂಡರೆ ಸಾಕು: 8ನೆಯದು ಪೂರ್ತಿ ಒತ್ತಿಕೊಂಡಾಗ 1ನೆಯದನ್ನು, 6ನೆಯದು ಒತ್ತಿದಾಗ 3ನೆಯದನ್ನು, ಹೀಗೆ ಎರಡೂ ಸೇರಿ ಒಂಬತ್ತಾಗುವಂತೆ. ಲಾಕ್ ನಟ್ ಬಿಗಿಯುವಾಗ ಸ್ಕ್ರೂ ಒಂದೆರಡು ಥೌ ಸರಿಯುತ್ತದೆ, ಬಿಗಿದ ಮೇಲೆ ಮತ್ತೆ ಅಳೆಯಿರಿ.

ಅಳತೆ ಸುಳ್ಳು ಹೇಳುವುದು ಎಲ್ಲಿ ಅಂದರೆ, ರಾಕರ್ ತುದಿಯಲ್ಲಿ. ವರ್ಷಗಟ್ಟಲೆ ವಾಲ್ವಿನ ತಲೆಗೆ ಬಡಿದ ಜಾಗದಲ್ಲಿ ಒಂದು ಸಣ್ಣ ಹಳ್ಳ ಬಿದ್ದಿರುತ್ತದೆ. ಕನ್ನಡಿ ಹಿಡಿದು ಬೆಳಕು ಬಿಟ್ಟರೆ ಉಗುರಿನ ಗಾತ್ರದ ಹೊಳೆಯುವ ಗುಳಿ ಕಾಣುತ್ತದೆ. ಸಂದು ಅಳೆಯುವ ಫೀಲರ್ ಪಟ್ಟಿ ಆ ಹಳ್ಳದ ಎರಡು ದಡಗಳ ಮೇಲೆ ಸೇತುವೆಯ ಹಾಗೆ ಕೂರುತ್ತದೆ. ಹಳ್ಳ 6 ಥೌ ಆಳ ಇದ್ದರೆ ನೀವು 15 ಅಂದುಕೊಂಡದ್ದು ನಿಜಕ್ಕೂ 21. ಎಷ್ಟು ಸಲ ಸೆಟ್ ಮಾಡಿದರೂ ಸದ್ದು ಅಷ್ಟೇ ಇರುತ್ತದೆ. ಆಗ ಕೆಲವರು ಸದ್ದು ಹೋಗುವ ತನಕ ಸ್ಕ್ರೂ ಬಿಗಿಯುತ್ತಾರೆ. ಅದು ದೊಡ್ಡ ಅಪಾಯ. ಸೀಸವಿಲ್ಲದ ಪೆಟ್ರೋಲ್ 2000ದ ಫೆಬ್ರುವರಿಯಿಂದ ದೇಶವೆಲ್ಲ ಬಂದ ಮೇಲೆ ಈ ಹಳೆಯ ಹೆಡ್‌ಗಳಲ್ಲಿ ಎಕ್ಸಾಸ್ಟ್ ವಾಲ್ವ್ ತನ್ನ ಸೀಟಿನೊಳಗೆ ನಿಧಾನಕ್ಕೆ ಇಳಿಯುತ್ತದೆ, ಸಂದು ತಾನಾಗಿಯೇ ಕಡಿಮೆಯಾಗುತ್ತ ಹೋಗುತ್ತದೆ. ಬಿಗಿ ವಾಲ್ವ್ ಸದ್ದು ಮಾಡುವುದಿಲ್ಲ, ಸುಡುತ್ತದೆ. ಟ್ಯಾಪೆಟ್ ಸದ್ದು ಸ್ವಲ್ಪ ಇರುವುದೇ ಈ ಎಂಜಿನ್ನಿನ ಆರೋಗ್ಯ.

ಹಳ್ಳಬಿದ್ದ ರಾಕರ್ ಬದಲಾಯಿಸಲು ಶಾಫ್ಟ್ ಬಿಚ್ಚಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ರಾಕರ್ ಸ್ಟ್ಯಾಂಡ್‌ಗಳನ್ನು ಹಿಡಿದ ನಾಲ್ಕು ದೊಡ್ಡ ನಟ್‌ಗಳು ಹೆಡ್ಡನ್ನೂ ಹಿಡಿದಿವೆ. ಅವನ್ನು ಮಾತ್ರ ಬಿಚ್ಚಿದರೆ ಹೆಡ್ ಒಂದು ಬದಿಗೆ ಸೊಟ್ಟಗಾಗಿ ಪ್ಯಾಕಿಂಗ್ ಸೋರತೊಡಗುತ್ತದೆ. ನೀರು ಇಳಿಸಿ, ಹೆಡ್ಡಿನ ಹನ್ನೊಂದೂ ನಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಸರದಿಯಲ್ಲಿ ಸಡಿಲಿಸಿ. ಕೂರಿಸುವಾಗಲೂ ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ 40 ಪೌಂಡ್-ಅಡಿಗೆ ತನ್ನಿ. ಬಿಚ್ಚಿದ ಶಾಫ್ಟಿನ ಕೆಳಬದಿಯಲ್ಲಿ ಬೆರಳಾಡಿಸಿ. ಮೆಟ್ಟಿಲು ಸಿಕ್ಕರೆ ಶಾಫ್ಟ್ ಮತ್ತು ಬುಶ್ ಎರಡೂ ಹೊಸದು ಬೇಕು. ಒಳಗಿನ ಆಯಿಲ್ ತೂತುಗಳನ್ನು ತಂತಿ ಹಾಕಿ ಶುಚಿ ಮಾಡಿ. ಪುಶ್ ರಾಡ್ ಎತ್ತುವಾಗ ತುದಿಯನ್ನು ಮೆಲ್ಲಗೆ ತಿರುಗಿಸಿ ಬಿಡಿಸಿ, ಇಲ್ಲದಿದ್ದರೆ ಆಯಿಲಿನ ಅಂಟಿಗೆ ಕೆಳಗಿನ ಟ್ಯಾಪೆಟ್ಟೂ ಎದ್ದು ಬಂದು ಬೀಳುತ್ತದೆ. ಎಂಟೂ ಪುಶ್ ರಾಡ್‌ಗಳನ್ನು ಗಾಜಿನ ಮೇಲೆ ಉರುಳಿಸಿ ನೋಡಿ. ನಿಂತ ಗಾಡಿಯಲ್ಲಿ ಅಂಟುಗಟ್ಟಿದ ವಾಲ್ವ್ ಮೊದಲ ಸ್ಟಾರ್ಟಿನಲ್ಲೇ ಪುಶ್ ರಾಡ್ ಬಗ್ಗಿಸಿರುವ ಸಾಧ್ಯತೆ ಇದೆ. ಎಲ್ಲ ಸರಿಯಿದ್ದೂ ಒಂದೇ ವಾಲ್ವ್ ಸದ್ದು ಮಾಡಿದರೆ ಡಯಲ್ ಗೇಜಿನಿಂದ ಎಂಟರ ಎತ್ತರವನ್ನೂ ಅಳೆಯಿಸಿ. ಒಂದು ಮಾತ್ರ ಅರ್ಧ ಮಿಲಿಮೀಟರ್ ಕಡಿಮೆ ಎದ್ದರೆ ಕ್ಯಾಮ್ ಅಲ್ಲಿ ಸವೆದಿದೆ.

ದೇವರಾಯನದುರ್ಗದ ಕಿಣಿಕಿಣಿ ಲೋಹ ಲೋಹಕ್ಕೆ ಬಡಿಯುವುದಲ್ಲ, ಪೆಟ್ರೋಲ್ ಹೊತ್ತಿಗೆ ಮೊದಲೇ ಸಿಡಿಯುವುದು. ಕಡೆಗಣಿಸುವಂಥದ್ದೂ ಅಲ್ಲ, ಆ ಸಿಡಿತದ ಸುತ್ತಿಗೆ ಏಟು ಬೀಳುವುದು ಇದೇ ಬಿಗ್ ಎಂಡ್ ಮೇಲೆ. ಪಾಯಿಂಟ್ ಸಂದು 14ರಿಂದ 16 ಥೌ, ಪ್ಲಗ್ ಸಂದು 25 ಥೌ ಇರಲಿ. ಆಮೇಲೆ ಟೈಮಿಂಗ್ ನೋಡಿ, ಈ ಕ್ರಮ ತಪ್ಪಬಾರದು. ಪಾಯಿಂಟ್ ಸಂದು ಬದಲಾದರೆ ಟೈಮಿಂಗ್ ತಾನೇ ಬದಲಾಗುತ್ತದೆ. ರೇಸ್ ಕೊಟ್ಟಾಗ ಟೈಮಿಂಗ್ ಲೈಟಿನಲ್ಲಿ ಕಾಣುವ ಪುಲ್ಲಿಯ ಗುರುತು ಮೆಲ್ಲಗೆ ಮುಂದೆ ಸರಿಯಬೇಕು. ಥಟ್ಟನೆ ನೆಗೆದರೆ ಡಿಸ್ಟ್ರಿಬ್ಯೂಟರ್ ಒಳಗಿನ ಸ್ಪ್ರಿಂಗ್‌ಗಳು ಸೋತಿವೆ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುವುದರಿಂದ ಹಳೆಯ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಪ್ಲಗ್ ತುದಿ ಸುಣ್ಣದಂತೆ ಬೆಳ್ಳಗಾಗಿದ್ದರೆ ಒಂದು ಅಳತೆ ದೊಡ್ಡ ಮೇನ್ ಜೆಟ್ ಬೇಕು. ಈ ಪರೀಕ್ಷೆಗೆ ಏರು ಹತ್ತಲೇಬೇಕು, ಆದ್ದರಿಂದ ಇದನ್ನು ಕೊನೆಗೆ, ಬೇರಿಂಗ್ ಕೆಲಸ ಮುಗಿದ ಮೇಲೆ ಇಟ್ಟುಕೊಳ್ಳಿ.

ಮದುವೆಗೆ ಬೆಂಗಳೂರು: ಬಿಸಿ ಎಂಜಿನ್ನಿನಲ್ಲಿ ಗೇಜ್ 15 ಮತ್ತು 50 ತೋರಿಸಿ, ಪ್ಲಗ್ ಕೊಂದಾಗ ಯಾವ ಸಿಲಿಂಡರಿನಲ್ಲೂ ಸದ್ದು ಬದಲಾಗದೆ, ಫಿಲ್ಟರಿನಲ್ಲಿ ಪುಡಿ ಇಲ್ಲದಿದ್ದರೆ 70 ಕಿಲೋಮೀಟರ್ ಧೈರ್ಯವಾಗಿ ಹೋಗಿ. ಈ ಮೂರರಲ್ಲಿ ಒಂದು ತಪ್ಪಿದರೂ ಹೋಗಬೇಡಿ. ಸಂಪು ಬಿಚ್ಚಿದ್ದರೆ, ಗಾಡಿಯ ಬಿಡಿಭಾಗ ಸಿಗುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಬಸ್ಸಿನಲ್ಲಿ ಹೋಗುವಾಗ ಹಳೆಯ ಶೆಲ್ ಒಂದನ್ನು, ನಾಲ್ಕು ಜರ್ನಲ್‌ಗಳ ಅಳತೆ ಬರೆದ ಚೀಟಿಯನ್ನು ಜೊತೆಗೆ ಒಯ್ಯಿರಿ. ಹೊಸ ಶೆಲ್ ಕೊಳ್ಳುವ ಮೊದಲು ಪೆಟ್ಟಿಗೆ ತೆರೆದು ಹಿಂಬದಿಯ ಅಚ್ಚನ್ನು ಚೀಟಿಯ ಜೊತೆ ತಾಳೆ ನೋಡಿ.